ಹನ್ನೊಂದು ಗಂಟೆಯ ಬಿಸಿಲು, ಶಾಲೆಯ ವರಾಂಡ

ಪ್ರಶ್ನೆ: ನಾನು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯೊಂದರ ಶಾಲೆಯಲ್ಲಿ ಶಿಕ್ಷಕಿ. ನನ್ನ ತಮ್ಮ ತನ್ನ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾವನ್ನು 18-55 ಲೆನ್ಸಿನ ಸಮೇತ ಕೊಟ್ಟಿದ್ದಾನೆ. ಮೊಬೈಲ್ ಹೇಗೂ ಇದೆ. ಏಳನೆಯ ತರಗತಿಯ ಮಕ್ಕಳ ಗುಂಪು ಫೋಟೊವನ್ನು ಬೆಳಿಗ್ಗೆ ಹನ್ನೊಂದಕ್ಕೆ ಆಟದ ಬಯಲಿನಲ್ಲಿ ತೆಗೆದೆ. ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದಾರೆ, ಕಣ್ಣಿನ ಜಾಗದಲ್ಲಿ ಕಪ್ಪು ಗುಳಿ. ಬಿಸಿಲಿಗೆ ಬೆನ್ನು ಮಾಡಿ ನಿಲ್ಲಿಸಿದರೆ ಮುಖಗಳೇ ಕಪ್ಪು, ಹಿಂದಿನ ಆಕಾಶ ಸುಣ್ಣ ಬಳಿದ ಹಾಗೆ. ಮನೆಯಲ್ಲಿ ನಮ್ಮ ಅತ್ತೆಯವರದೂ ಒಂದು ಒಳ್ಳೆಯ ಫೋಟೊ ತೆಗೆಯಬೇಕೆಂಬ ಆಸೆಯಿದೆ. ಫ್ಲಾಶ್ ಕೊಳ್ಳಬೇಕೆ? ಒಳ್ಳೆಯ ಬೆಳಕು ಬೇಕೆಂದರೆ ನಂದಿಬೆಟ್ಟಕ್ಕೇ ಹೋಗಬೇಕೆ?

ಉತ್ತರ: ಟೀಚರ್, ಕೊನೆಯ ಎರಡು ಪ್ರಶ್ನೆಗಳಿಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ಫ್ಲಾಶ್ ಬೇಡ, ನಂದಿಬೆಟ್ಟವೂ ಬೇಡ. ನಿಮಗೆ ಬೇಕಾದ ಬೆಳಕು ನಿಮ್ಮ ಶಾಲೆಯ ವರಾಂಡದಲ್ಲೇ ಇದೆ. ಅದು ಕಣ್ಣಿಗೆ ಕಾಣುವುದಕ್ಕೆ ನನಗೆ ಸ್ಟುಡಿಯೊ ತೆರೆದ ಮೇಲೂ ಆರೇಳು ವರ್ಷ ಹಿಡಿಯಿತು, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಿಮ್ಮ ಫೋಟೊ ಕೆಟ್ಟದ್ದು ಕ್ಯಾಮೆರಾದಿಂದಲ್ಲ, ಆ ಹೊತ್ತಿಗೆ ಸೂರ್ಯ ಏರಿದ್ದ ಎತ್ತರದಿಂದ. ಯಾವ ತಿಂಗಳಲ್ಲಿ ತೆಗೆದಿರಿ ಎಂದು ನೀವು ಬರೆದಿಲ್ಲ. ಹನ್ನೊಂದು ಗಂಟೆ ಎಂದ ಮೇಲೆ ಯಾವ ತಿಂಗಳಾದರೂ ಕಥೆ ಅದೇ. ಚಿಕ್ಕಬಳ್ಳಾಪುರದ ಸೀಮೆ ಇರುವುದು ಹದಿಮೂರೂವರೆ ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ. ಇಲ್ಲಿ ಸೂರ್ಯ ಓರೆಯಾಗಿ ಸಾವಕಾಶ ಏರುವುದಿಲ್ಲ, ಏಣಿ ಹತ್ತಿದ ಹಾಗೆ ನೆಟ್ಟಗೆ ಏರುತ್ತಾನೆ. ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ಮಧ್ಯದಲ್ಲಿ ಇನ್ನೊಮ್ಮೆ ಸರಿಯಾಗಿ ನೆತ್ತಿಯ ಮೇಲೆ ಬಂದು ನಿಲ್ಲುತ್ತಾನೆ. ಆ ದಿನ ನೆಟ್ಟ ಕೋಲಿನ ನೆರಳು ಕೋಲಿನ ಬುಡದಲ್ಲೇ ಅಡಗುತ್ತದೆ. ಅದು ನಡೆಯುವುದೂ ಹನ್ನೆರಡು ಗಂಟೆಗಲ್ಲ. ನಮ್ಮ ಗಡಿಯಾರ ಓಡುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ನಾವಿರುವುದು ಅದಕ್ಕಿಂತ ಪಶ್ಚಿಮದಲ್ಲಿ. ಹಾಗಾಗಿ ಇಲ್ಲಿ ಹೊತ್ತು ನೆತ್ತಿಗೇರುವುದು ಸಾಧಾರಣವಾಗಿ ಹನ್ನೆರಡೂ ಕಾಲು ದಾಟುವಾಗ. ಮೇಲಿನಿಂದ ಬಿಸಿಲು ಬಿದ್ದಾಗ ಹುಬ್ಬು ಕಿಟಕಿಯ ಸಜ್ಜಾದ ಕೆಲಸ ಮಾಡುತ್ತದೆ. ಅದರ ಕೆಳಗಿನ ಕಣ್ಣು ಕತ್ತಲೆಗೆ ಸೇರುತ್ತದೆ, ಮೂಗಿನ ನೆರಳು ತುಟಿಯ ಮೇಲೆ ಮೀಸೆ ಬರೆಯುತ್ತದೆ. ಏಳನೆಯ ತರಗತಿಯ ಹುಡುಗಿಯರಿಗೆ ಮೀಸೆ ಬಂದಿದ್ದರೆ ಅದಕ್ಕೆ ಕಾರಣ ಇಷ್ಟೇ.

ಗಡಿಯಾರ ನೋಡುವುದಕ್ಕಿಂತ ನಿಮ್ಮ ನೆರಳನ್ನು ನೋಡಿಕೊಳ್ಳಿ. ನೆರಳು ನಿಮಗಿಂತ ಉದ್ದವಾಗಿದ್ದರೆ ಸೂರ್ಯ 45 ಡಿಗ್ರಿಗಿಂತ ಕೆಳಗಿದ್ದಾನೆ, ಬಿಸಿಲಿನಲ್ಲಿ ಮುಖ ತೆಗೆಯಬಹುದು. ನೆರಳು ಮೋಟಾಯಿತೆಂದರೆ ಕ್ಯಾಮೆರಾ ಎತ್ತಿಕೊಂಡು ಸೂರಿನಡಿಗೆ ನಡೆಯಬೇಕು. ನಮ್ಮ ಕಡೆ ಆ ಗಡಿ ಡಿಸೆಂಬರಿನಲ್ಲಿ ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ದಾಟುತ್ತದೆ, ಮಾರ್ಚ್ ಕೊನೆಗೆ ಒಂಬತ್ತೂವರೆಗೆ, ಏಪ್ರಿಲ್ ಕೊನೆಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ. ಸಂಜೆ ಮತ್ತೆ ನೆರಳು ಉದ್ದವಾಗುವುದು ಡಿಸೆಂಬರಿನಲ್ಲಿ ಎರಡು ಗಂಟೆ ದಾಟಿದ ಮೇಲೆ, ಬೇಸಿಗೆಯಲ್ಲಿ ಮೂರೂ ಕಾಲರ ನಂತರ. ಚಳಿಗಾಲದಲ್ಲಿ ಫೋಟೊ ಚೆನ್ನಾಗಿ ಬರುತ್ತದೆ ಎಂದು ಎಲ್ಲರೂ ಹೇಳುವುದರ ಹಿಂದಿನ ಲೆಕ್ಕ ಇದು. ಡಿಸೆಂಬರಿನ ನಡುಮಧ್ಯಾಹ್ನದಲ್ಲೂ ಸೂರ್ಯ ಇಲ್ಲಿ 55 ಡಿಗ್ರಿಗಿಂತ ಮೇಲೇರುವುದಿಲ್ಲ, ದಕ್ಷಿಣಕ್ಕೆ ವಾಲಿಕೊಂಡೇ ಇರುತ್ತಾನೆ.

ವಿಡಿಯೊಗಳಲ್ಲಿ ‘ಗೋಲ್ಡನ್ ಅವರ್’ ಎಂಬ ಮಾತನ್ನು ಕೇಳಿರುತ್ತೀರಿ. ಹೊಂಬಿಸಿಲಿನ ಒಂದು ಗಂಟೆ. ಆ ಪಾಠಗಳಲ್ಲಿ ಬಹುಪಾಲು ಹುಟ್ಟಿದ್ದು ಉತ್ತರದ ದೇಶಗಳಲ್ಲಿ. ಲಂಡನ್ನಿನಲ್ಲಿ ಡಿಸೆಂಬರಿನ ನಡುಹಗಲಿಗೂ ಸೂರ್ಯ ಸುಮಾರು 15 ಡಿಗ್ರಿಯಷ್ಟೇ ಮೇಲೇರುತ್ತಾನೆ. ಅಂದರೆ ಅವರಿಗೆ ದಿನವಿಡೀ ಎಳೆಬಿಸಿಲು. ನಮ್ಮಲ್ಲಿ ಅದೇ ಡಿಸೆಂಬರಿನಲ್ಲಿ ಆ ಎತ್ತರ ದಾಟಲು ಸೂರ್ಯನಿಗೆ ಒಂದು ಗಂಟೆ ಹತ್ತು ನಿಮಿಷ ಸಾಕು. ನಿಜವಾದ ಹೊಂಬಣ್ಣ ಇರುವುದು ಹುಟ್ಟಿದ ಮೊದಲ ಅರ್ಧ ಗಂಟೆ, ಮುಳುಗುವ ಮುಂಚಿನ ಅರ್ಧ ಗಂಟೆ. ಮುಳುಗಿದ ಮೇಲಿನ ನಸುಬೆಳಕೂ ಇಪ್ಪತ್ತೆರಡು ಇಪ್ಪತ್ತಮೂರು ನಿಮಿಷಕ್ಕೆ ಮುಗಿಯಿತು. ನಮ್ಮ ಕಡೆ ಟ್ರೈಪಾಡ್ ಬಿಚ್ಚುತ್ತಾ ಚಹಾ ಕುಡಿಯುತ್ತಾ ಕುಳಿತವರಿಗೆ ಸಿಕ್ಕುವುದು ಬರಿಯ ಬಿಸಿಲು. ಬಿಸಿಲಿಗಂತೂ ಇಲ್ಲಿ ಎಂದೂ ಬರವಿಲ್ಲ. ಪಕ್ಕದ ಪಾವಗಡದಲ್ಲಿ ಅದನ್ನೇ ನಂಬಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಕಟ್ಟಿದ್ದಾರೆ.

ಹಾಗಾದರೆ ಉಳಿದ ಹತ್ತು ಗಂಟೆ ಏನು ಮಾಡುವುದು? ವರಾಂಡಕ್ಕೆ ಬನ್ನಿ.

ಮೇಲೆ ಸೂರು, ಎದುರಿಗೆ ಬಯಲು. ಹಗಲಿನ ಮುಖಚಿತ್ರಕ್ಕೆ ನಾನು ಹುಡುಕುವ ಜಾಗ ಇದೊಂದೇ. ಸೂರು ನೆತ್ತಿಯ ಬಿಸಿಲನ್ನು ತಡೆಯುತ್ತದೆ. ಎದುರಿನ ತೆರೆದ ಆಕಾಶ, ಅಂಗಳದ ನೆಲ, ಆಚೆಯ ಕಾಂಪೌಂಡ್ ಗೋಡೆ ಮೂರೂ ಸೇರಿ ಮುಖಕ್ಕೆ ನೇರವಾಗಿ ಬೆಳಕು ಕಳಿಸುತ್ತವೆ. ಆಕಾಶದಲ್ಲಿ ಸೂರ್ಯನ ಅಗಲ ಬರಿಯ ಅರ್ಧ ಡಿಗ್ರಿ. ಅಷ್ಟು ಚಿಕ್ಕ ದೀಪದಿಂದ ಬಂದ ನೆರಳಿಗೆ ಬ್ಲೇಡಿನಂಥ ಅಂಚಿರುತ್ತದೆ. ವರಾಂಡದಲ್ಲಿ ದೀಪವೆಂದರೆ ಇಡೀ ಎದುರಿನ ಬಯಲು. ನೆರಳಿಗೆ ಅಂಚೇ ಉಳಿಯುವುದಿಲ್ಲ, ಕೆನ್ನೆಯಿಂದ ಕಿವಿಯವರೆಗೆ ಬೆಳಕು ತಾನಾಗಿ ಇಳಿದು ಕರಗುತ್ತದೆ.

ಇದನ್ನು ನಂಬಬೇಕಾಗಿಲ್ಲ, ಬಿಸಿಯೂಟದ ದಿನ ಪರೀಕ್ಷೆ ಮಾಡಿ. ಸುಲಿದ ಕೋಳಿಮೊಟ್ಟೆಯೊಂದನ್ನು ಅಂಗೈ ಮೇಲಿಟ್ಟುಕೊಂಡು ಅಂಗಳದ ನಡುವೆ ನಿಲ್ಲಿ. ಮೊಟ್ಟೆಯ ನೆತ್ತಿ ಕಣ್ಣು ಕುಕ್ಕುವಷ್ಟು ಬಿಳಿ, ಹೊಟ್ಟೆ ಬೂದು, ಅಂಗೈ ಮೇಲೆ ಮಸಿಯಂಥ ನೆರಳು. ಹಾಗೆಯೇ ಹೆಜ್ಜೆಹೆಜ್ಜೆಯಾಗಿ ವರಾಂಡದ ಕಡೆ ನಡೆಯಿರಿ. ಸೂರಿನ ನೆರಳಿನ ಗೆರೆ ದಾಟಿದ ಕ್ಷಣ ನೆತ್ತಿಯ ಬಿಳುಪು ಆರುತ್ತದೆ. ಇನ್ನೆರಡು ಹೆಜ್ಜೆ ಒಳಗಿಟ್ಟು ಬಯಲಿನ ಕಡೆ ತಿರುಗಿದರೆ ಬೆಳಕು ಮೊಟ್ಟೆಯ ಮುಂಭಾಗಕ್ಕೆ ಬಂದಿರುತ್ತದೆ, ದುಂಡು ದುಂಡಾಗಿ ಕಾಣುತ್ತದೆ. ಅಲ್ಲೇ ನಿಲ್ಲಿ. ಮಕ್ಕಳ ಮುಖಗಳು ಇರಬೇಕಾದ ಜಾಗ ಅದು. ಇನ್ನೂ ಒಳಗೆ ಹೋಗುತ್ತಾ ಹೋದರೆ ಬೆಳಕು ಬೇಗ ಸೋರಿಹೋಗುತ್ತದೆ. ತರಗತಿಯ ಬಾಗಿಲಿನ ಹೊತ್ತಿಗೆ ಮೊಟ್ಟೆ ಮಂಕಾಗಿ ಚಪ್ಪಟೆಯಾಗುತ್ತದೆ. ನಂತರ ಅದನ್ನು ತಿನ್ನಬಹುದು. ನನ್ನ ಬಳಿ ಕೆಲಸ ಕಲಿತ ಹುಡುಗರಿಗೆಲ್ಲ ಮೊದಲ ಪಾಠ ಇದೇ ಆಗಿತ್ತು, ಅವರು ಆ ಕೊನೆಯ ಭಾಗವನ್ನು ಎಂದೂ ಮರೆತವರಲ್ಲ.

ವರಾಂಡ ಯಾವ ದಿಕ್ಕಿಗಿದೆ ನೋಡಿಕೊಳ್ಳಿ. ಪೂರ್ವಕ್ಕಿದ್ದರೆ ಮಧ್ಯಾಹ್ನದ ಮೇಲೆ, ಪಶ್ಚಿಮಕ್ಕಿದ್ದರೆ ಬೆಳಿಗ್ಗೆ. ದಕ್ಷಿಣದ ವರಾಂಡಕ್ಕೆ ಚಳಿಗಾಲದಲ್ಲಿ ಬಿಸಿಲು ಒಳಗಿನವರೆಗೆ ನುಗ್ಗುತ್ತದೆ, ಅದು ಕಷ್ಟ. ಉತ್ತರದ್ದಾದರೆ ಡಿಸೆಂಬರಿನಲ್ಲಿ ದಿನವಿಡೀ ಒಂದೇ ಸಮನೆ ಬೆಳಕು. ಆದರೆ ಉತ್ತರದ ಗೋಡೆಯನ್ನು ವರ್ಷವಿಡೀ ನಂಬಬೇಡಿ. ಮೇ, ಜೂನ್, ಜುಲೈ ತಿಂಗಳುಗಳಲ್ಲಿ ನಮ್ಮ ಸೀಮೆಯ ನಡುಹಗಲ ಸೂರ್ಯ ಇರುವುದು ಉತ್ತರದ ಕಡೆಗೆ. ಬೇರೆ ದೇಶದ ಪುಸ್ತಕ ಓದಿ ‘ಉತ್ತರದ ಕಿಟಕಿ ಎಂದರೆ ಸದಾ ನೆರಳು’ ಎಂದು ಸ್ಟುಡಿಯೊ ಕಟ್ಟಿಸಿ ಜೂನ್‌ನಲ್ಲಿ ಪರದೆ ಹುಡುಕಿದವನು ನಾನೇ.

ಗುಂಪು ಫೋಟೊದ ವಿವರ ಹೇಳಿಬಿಡುತ್ತೇನೆ. ಮುಂದೆ ಬೆಂಚಿನ ಮೇಲೆ ಒಂದು ಸಾಲು, ಹಿಂದೆ ನಿಂತ ಒಂದು ಸಾಲು, ಅದರ ಹಿಂದೆ ಬೆಂಚು ಹತ್ತಿದ ಮೂರನೆಯ ಸಾಲು. ಸಾಲುಗಳು ಒತ್ತಾಗಿರಲಿ, ಇಲ್ಲದಿದ್ದರೆ ಹಿಂದಿನ ಸಾಲು ಬೆಳಕಿನಿಂದಲೂ ಫೋಕಸ್‌ನಿಂದಲೂ ತಪ್ಪಿಹೋಗುತ್ತದೆ. ನೀವು ಅಂಗಳಕ್ಕೆ ಇಳಿದು ಹಿಂದಕ್ಕೆ ಹೋಗಿ ಲೆನ್ಸಿನ ಜೂಮನ್ನು 35ರ ಹತ್ತಿರ ಇಟ್ಟುಕೊಳ್ಳಿ. 18ರಲ್ಲಿ ಹತ್ತಿರ ನಿಂತು ತೆಗೆದರೆ ಅಂಚಿನ ಮಕ್ಕಳ ತಲೆ ಕುಂಬಳಕಾಯಿಯಂತೆ ಎಳೆದುಕೊಳ್ಳುತ್ತದೆ, ಅದನ್ನು ಅವರ ತಾಯಂದಿರು ಕ್ಷಮಿಸುವುದಿಲ್ಲ. ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ) ಎಫ್ 8, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 400ರಿಂದ 800, ಶಟರ್ 1/125 ಸೆಕೆಂಡಿಗಿಂತ ನಿಧಾನವಾಗಬಾರದು, ಏಕೆಂದರೆ ನಲವತ್ತು ಮಕ್ಕಳಲ್ಲಿ ಒಬ್ಬನಾದರೂ ಅಲುಗಾಡುತ್ತಿರುತ್ತಾನೆ. ಬಿಸಿಲಿನಲ್ಲಿ ನಿಲ್ಲುವವರು ನೀವು, ಆದ್ದರಿಂದ ಲೆನ್ಸಿನ ಮೇಲೆ ಬಿಸಿಲು ಬೀಳದಂತೆ ಅಂಗೈ ಅಡ್ಡ ಹಿಡಿಯಿರಿ. ಒಂದೇ ಸಲ ಅಲ್ಲ, ಹತ್ತು ಸಲ ಒತ್ತಿ. ಎಲ್ಲರ ಕಣ್ಣೂ ತೆರೆದಿರುವ ಚಿತ್ರ ಹತ್ತರಲ್ಲಿ ಒಂದು ಸಿಕ್ಕರೆ ಅದೃಷ್ಟ.

ಅಂಗಳದ ನೆಲವನ್ನೂ ಗಮನಿಸಬೇಕು. ನಿಮ್ಮ ಕಡೆ ಕೆಮ್ಮಣ್ಣು. ಬಿಸಿಲು ಬಿದ್ದ ಕೆಮ್ಮಣ್ಣು ಮುಖಕ್ಕೆ ಕೆಳಗಿನಿಂದ ತನ್ನ ಬಣ್ಣವನ್ನೇ ಎರಚುತ್ತದೆ. ಗದ್ದದ ಅಡಿ, ಮೂಗಿನ ಹೊಳ್ಳೆ, ಬಿಳಿ ಅಂಗಿಯ ಕಾಲರ್ ಎಲ್ಲ ಕುಂಕುಮ ಸವರಿದ ಹಾಗೆ ಕಾಣುತ್ತವೆ. ಸ್ವಲ್ಪವಿದ್ದರೆ ಚೆಂದವೇ. ಹೆಚ್ಚಾಯಿತೆನಿಸಿದರೆ ವರಾಂಡದ ಮುಂದೆ ನೆಲದ ಮೇಲೆ ಒಂದೆರಡು ಬಿಳಿ ಪಂಚೆ ಹಾಸಿ. ಹುಬ್ಬಿನ ಕೆಳಗಿನ ಕತ್ತಲೆಯೂ ಅದರಿಂದ ತಿಳಿಯಾಗುತ್ತದೆ. ನೀಲಿ ಟಾರ್ಪಾಲು ಮಾತ್ರ ಹತ್ತಿರ ಎಲ್ಲೂ ಇರದಂತೆ ನೋಡಿಕೊಳ್ಳಿ.

ಬಣ್ಣದ ಬಟ್ಟೆಯ ಪಾಠ ನಾನು ಕಲಿತದ್ದು ಮಾನ ಕಳೆದುಕೊಂಡು. ಫಿಲ್ಮಿನ ಕಾಲ. ಒಂದು ಶಾಲೆಯವರು ವಾರ್ಷಿಕೋತ್ಸವಕ್ಕೆ ಕರೆಸಿದ್ದರು. ಮೇಲೆ ಕೆಂಪು ಹಳದಿ ಪಟ್ಟೆಗಳ ಶಾಮಿಯಾನ, ಕೆಳಗೆ ತಂಪಾದ ನೆರಳು. ಇದಕ್ಕಿಂತ ಒಳ್ಳೆಯ ಜಾಗ ಬೇಕೆ ಎಂದು ಅಲ್ಲೇ ಗುಂಪು ಫೋಟೊ ತೆಗೆದೆ. ಕಣ್ಣು ಇಂಥ ಬಣ್ಣಕ್ಕೆ ಒಂದು ನಿಮಿಷದಲ್ಲಿ ಹೊಂದಿಕೊಂಡುಬಿಡುತ್ತದೆ, ನನಗೇನೂ ತಿಳಿಯಲಿಲ್ಲ. ಪ್ರಿಂಟ್ ಬಂದಾಗ ಎಡಗಡೆಯ ಮಕ್ಕಳು ಟೊಮೆಟೊ, ಬಲಗಡೆಯವರು ಅರಿಸಿನದ ಕೊಂಬು. ಲ್ಯಾಬಿನಲ್ಲಿ ಕೆಂಪು ತೆಗೆದರೆ ಹಳದಿಯವರು ಹಸಿರಾದರು. ದುಡ್ಡು ವಾಪಸು ಕೊಟ್ಟು ಬಂದೆ. ಇಂದಿನ ಕ್ಯಾಮೆರಾದಲ್ಲೂ ಇದಕ್ಕೆ ಮದ್ದಿಲ್ಲ. ಒಂದೇ ಬಣ್ಣವಾದರೆ ಸರಿಪಡಿಸಬಹುದು, ಎರಡು ಬೆರೆತರೆ ಕೈಚೆಲ್ಲುವುದೇ.

ಮರದ ನೆರಳಿಗೆ ಬಂದರೆ, ಎಲ್ಲ ಮರವೂ ಒಂದೇ ಅಲ್ಲ. ಆಲ, ಹಲಸು, ದಟ್ಟವಾಗಿ ಬೆಳೆದ ಮಾವು ಒಳ್ಳೆಯವು. ಹುಣಸೆಯ ಎಲೆ ಚಿಕ್ಕದು, ಸಂದುಗಳು ಸಾವಿರ. ಅದರಡಿ ನಿಂತವರ ಮುಖ ಚಿರತೆಯ ಮೈಯಾಗುತ್ತದೆ. ಹೊಂಗೆ ಚಿಗುರಿ ತುಂಬಿಕೊಂಡಾಗ ಚೆನ್ನ, ಎಲೆ ಉದುರಿಸಿದಾಗ ಪ್ರಯೋಜನವಿಲ್ಲ. ಮರದಡಿಯ ಆ ಬೆಳಕಿನ ಚುಕ್ಕೆಗಳು ಎಲೆಗಳ ಸಂದು ಯಾವ ಆಕಾರದಲ್ಲಿದ್ದರೂ ದುಂಡಗೇ ಇರುವುದನ್ನು ಮಕ್ಕಳಿಗೆ ತೋರಿಸಿ. ಪ್ರತಿಯೊಂದು ಸಂದೂ ಒಂದು ಸೂಜಿರಂಧ್ರದ ಕ್ಯಾಮೆರಾ, ನೆಲದ ಮೇಲಿನ ಪ್ರತಿಯೊಂದು ಚುಕ್ಕೆಯೂ ಸೂರ್ಯನದೇ ಚಿತ್ರ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ನಮ್ಮ ಓಣಿಯಲ್ಲಿ ಎಲ್ಲರೂ ಬಾಗಿಲು ಹಾಕಿಕೊಂಡಿದ್ದರು. ಹೊಂಗೆಯ ಬುಡದಲ್ಲಿ ನೂರಾರು ಬಿದಿಗೆ ಚಂದ್ರರು ಅಲುಗಾಡುತ್ತಿದ್ದುದನ್ನು ನಾನೊಬ್ಬನೇ ನೋಡಿದೆ. ಅಷ್ಟು ಹೇಳಿ ಮರದಡಿಯಿಂದ ಮಕ್ಕಳನ್ನು ಮರಳಿ ವರಾಂಡಕ್ಕೆ ಕರೆದುಕೊಂಡು ಬನ್ನಿ.

ಕೆಲವೊಮ್ಮೆ ಬಿಸಿಲು ಬಿಟ್ಟು ಗತಿಯಿರುವುದಿಲ್ಲ. ಕ್ರೀಡಾಕೂಟ, ಧ್ವಜಾರೋಹಣ, ರಾಗಿ ಕಣ. ಆಗ ನೀವು ಮಾಡಿದ ಎರಡನೆಯ ಪ್ರಯೋಗವೇ ಸರಿ: ಬಿಸಿಲು ಬೆನ್ನಿಗಿರಲಿ. ನೀವು ತಪ್ಪಿದ್ದು ಹಿನ್ನೆಲೆಯಲ್ಲಿ. ಮಕ್ಕಳ ಹಿಂದೆ ಆಕಾಶವಿತ್ತು. ಆಕಾಶದ ಪ್ರಖರತೆ ಲೆಕ್ಕಕ್ಕೆ ತೆಗೆದುಕೊಂಡ ಕ್ಯಾಮೆರಾ ಇಡೀ ಚಿತ್ರವನ್ನು ಕತ್ತಲಾಗಿಸಿತು. ಹಿಂದೆ ತೋಪಿನ ಕಡುಹಸಿರೋ ಬೆಟ್ಟದ ನೆರಳಿನ ಮಗ್ಗುಲೋ ಬರುವಂತೆ ನಿಂತುಕೊಳ್ಳಿ. ಕೂದಲಿನ ಅಂಚಿಗೆ ಬೆಳ್ಳಿಗೆರೆ ಬರುತ್ತದೆ, ಮುಖವೂ ಉಳಿಯುತ್ತದೆ. ಒಬ್ಬರೋ ಇಬ್ಬರೋ ಇದ್ದರೆ ಮೂರು ನಾಲ್ಕು ಅಡಿ ದೂರದಿಂದ ಬಿಳಿ ಥರ್ಮಕೋಲ್ ಹಾಳೆಯನ್ನು ಎದೆಯ ಮಟ್ಟದಲ್ಲಿ ಹಿಡಿಸಿ, ಬಿಸಿಲನ್ನು ಮುಖಕ್ಕೆ ತಿರುಗಿಸಿ. ವಿಜ್ಞಾನ ಮಾದರಿ ಮಾಡಿ ಮಿಕ್ಕ ಹಾಳೆ ಶಾಲೆಯಲ್ಲಿ ಇಲ್ಲದಿರುವುದಿಲ್ಲ. ಹಾಳೆಯನ್ನು ನಿಧಾನಕ್ಕೆ ಓರೆ ಮಾಡುತ್ತಾ ಹೋದರೆ ಒಂದು ಕೋನದಲ್ಲಿ ಕಣ್ಣು ತಟಕ್ಕನೆ ಬೆಳಗುತ್ತದೆ.

ಫ್ಲಾಶ್ ಬೇಡ ಎಂದದ್ದಕ್ಕೆ ಕಾರಣವೂ ಇಲ್ಲಿದೆ. ಇಂಥ ಕ್ಯಾಮೆರಾಗಳ ತಲೆಯ ಮೇಲೆ ಎದ್ದುಕೊಳ್ಳುವ ಪುಟ್ಟ ಫ್ಲಾಶಿನ ಶಕ್ತಿಯನ್ನು ಗೈಡ್ ನಂಬರ್ 12 ಎಂದು ಲೆಕ್ಕ ಹಾಕಬಹುದು. ಆ ಅಂಕಿಯನ್ನು ಅಪರ್ಚರಿನಿಂದ ಭಾಗಿಸಿದರೆ ಬೆಳಕು ತಲುಪುವ ದೂರ ಮೀಟರ್‌ಗಳಲ್ಲಿ ಬರುತ್ತದೆ. ಫ್ಲಾಶ್ ಹಾಕಿದಾಗ ಶಟರ್ ಸಾಮಾನ್ಯವಾಗಿ 1/200ಕ್ಕಿಂತ ವೇಗವಾಗಿ ಓಡುವುದಿಲ್ಲ. ಉರಿಬಿಸಿಲಿನಲ್ಲಿ ಐಎಸ್‌ಒ 100 ಇಟ್ಟರೂ ಎಫ್ 11ಕ್ಕೆ ಹೋಗಲೇಬೇಕು. 12ನ್ನು 11ರಿಂದ ಭಾಗಿಸಿ, ನಿಮ್ಮ ಮಕ್ಕಳೇ ಹೇಳುತ್ತಾರೆ: ಒಂದು ಮೀಟರಿನ ಮೇಲೆ ಚೂರು. ನಲವತ್ತು ಮಕ್ಕಳ ಗುಂಪಿಗೆ ಅದು ಮಿಣುಕುಹುಳು. ಗುಂಪಿಗೆ ಸಾಕಾಗುವಂಥ ದೊಡ್ಡ ಫ್ಲಾಶ್ ಇದೆ, ಅದಕ್ಕೆ ತೆರುವ ಹಣದಲ್ಲಿ ವರಾಂಡಕ್ಕೆ ಸುಣ್ಣ ಹೊಡೆಸಿ ಇನ್ನೂ ಮಿಗಿಸಬಹುದು.

ಎಕ್ಸ್‌ಪೋಷರ್, ಅಂದರೆ ಚಿತ್ರಕ್ಕೆ ಎಷ್ಟು ಬೆಳಕು ಬಿಡಬೇಕೆಂಬುದರ ಬಗ್ಗೆ ಒಂದು ಮಾತು ತಿಳಿದಿದ್ದರೆ ಮುಕ್ಕಾಲು ತೊಂದರೆ ತಪ್ಪುತ್ತದೆ. ತನ್ನ ಮುಂದಿರುವುದು ಸುಣ್ಣವೋ ಇದ್ದಿಲೋ ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರಿಗೆ ತಿಳಿಯದು. ಎಲ್ಲವನ್ನೂ ನಡುಬೂದು ಎಂದುಕೊಂಡು ಅಳೆಯುತ್ತದೆ. ನಿಮ್ಮೂರಲ್ಲೇ ನೋಡಿ. ದ್ವಿತಳಿ ರೇಷ್ಮೆಗೂಡು ಹಾಲುಬಿಳುಪು. ಚಂದ್ರಿಕೆಯ (ಹುಳು ಗೂಡು ಕಟ್ಟುವ ತಟ್ಟೆಯ) ತುಂಬ ಗೂಡು ಕಟ್ಟಿರುವಾಗ ಚಿತ್ರ ತೆಗೆದರೆ ಗೂಡೆಲ್ಲ ಬೂದಿಯಲ್ಲಿ ಹೊರಳಿದಂತೆ ಬರುತ್ತದೆ. ಪ್ಲಸ್ ಮೈನಸ್ ಗುಂಡಿಯಲ್ಲಿ ಪ್ಲಸ್ ಒಂದು ಕೊಟ್ಟರೆ ಬಿಳುಪು ಮರಳಿ ಬರುತ್ತದೆ. ಮಿಶ್ರತಳಿಯ ಹಳದಿ ಗೂಡಿಗೆ ಅಷ್ಟು ಬೇಡ. ಕರಿಕಲ್ಲಿನ ವಿಗ್ರಹಕ್ಕೆ ಇದರ ತಿರುಗುಮುರುಗು, ಮೈನಸ್ ಒಂದು. ಮೊಬೈಲಿನಲ್ಲಾದರೆ ಮುಖದ ಮೇಲೆ ಬೆರಳನ್ನು ಒತ್ತಿ ಹಿಡಿಯಿರಿ, ಫೋಕಸ್ಸೂ ಬೆಳಕೂ ಅಲ್ಲೇ ಕಟ್ಟಿಹಾಕಿದಂತಾಗುತ್ತವೆ. ಪಕ್ಕದಲ್ಲಿ ಮೂಡುವ ಪುಟ್ಟ ಸೂರ್ಯನನ್ನು ಮೇಲೆ ಕೆಳಗೆ ಎಳೆದು ಹದ ಮಾಡಿಕೊಳ್ಳಿ. ಅದಕ್ಕೂ ಮೊದಲು ಸೆರಗಿನ ತುದಿಯಿಂದ ಲೆನ್ಸ್ ಒರೆಸಿ. ಜನ ತಂದು ತೋರಿಸುವ ‘ಮಬ್ಬು’ ಮೊಬೈಲುಗಳಲ್ಲಿ ಹೆಚ್ಚಿನವಕ್ಕೆ ಅಂಟಿರುವುದು ಒಗ್ಗರಣೆಯ ಎಣ್ಣೆ.

ಮೀಟರ್ ಕೆಟ್ಟರೂ ಕೈಕಟ್ಟುವುದಿಲ್ಲ. ಹಿಂದೆ ಫಿಲ್ಮಿನ ಡಬ್ಬಿಯ ಚೀಟಿಯಲ್ಲಿ ಸೂರ್ಯ ಮೋಡಗಳ ಚಿತ್ರ ಬರೆದು ಲೆಕ್ಕ ಕೊಟ್ಟಿರುತ್ತಿದ್ದರು. ತಿಳಿಯಾದ ಬಿಸಿಲಿಗೆ ಎಫ್ 16, ಶಟರ್ ಐಎಸ್‌ಒದಷ್ಟೇ. ಅಂದರೆ ಐಎಸ್‌ಒ 100ಕ್ಕೆ 1/100. ಎಫ್ 8ಕ್ಕೆ ಬಂದರೆ 1/400. ತೆರೆದ ನೆರಳಿಗೆ ಮೂರು ಸ್ಟಾಪ್ (ಒಂದೊಂದು ಸ್ಟಾಪಿಗೂ ಬೆಳಕು ಎರಡರಷ್ಟು) ಹೆಚ್ಚು ಬೆಳಕು, ಎಫ್ 5.6ರಲ್ಲಿ 1/100. ಈಗಲೂ ಕ್ಯಾಮೆರಾ ಹೇಳಿದ್ದನ್ನು ನಾನು ಈ ಲೆಕ್ಕಕ್ಕೆ ಒಮ್ಮೆ ತಾಳೆ ನೋಡುತ್ತೇನೆ.

ಇನ್ನು ನಿಮ್ಮ ಅತ್ತೆಯವರು. ಅವರನ್ನು ಕೂರಿಸಿ, ಸೆರಗು ಸರಿಮಾಡಿ, ‘ನಗಿ ಅತ್ತೆ’ ಎಂದರೆ ಆಧಾರ್ ಕಾರ್ಡಿನ ಮುಖವೇ ಬರುತ್ತದೆ. ಕೈಗೆ ಕೆಲಸವಿರಬೇಕು. ಮಾರ್ಗಶಿರ, ಪುಷ್ಯದ ಅವರೆಕಾಯಿ ಕಾಲದಲ್ಲಿ ಹಿದುಕಿದ ಬೇಳೆ ಮಾಡದ ಮನೆ ನಿಮ್ಮ ಕಡೆ ಇದೆಯೇ? ನೆನೆಸಿದ ಅವರೆಯ ಪಾತ್ರೆ ಮುಂದಿಟ್ಟುಕೊಂಡು ಅವರು ಹೊಸ್ತಿಲ ಒಳಗೆ ಮಣೆಯ ಮೇಲೆ ಕೂರಲಿ. ನೇರ ಬಿಸಿಲು ಒಳಗೆ ಬೀಳದ ಬಾಗಿಲನ್ನು ಆರಿಸಿಕೊಳ್ಳಿ. ಅವರು ಬಾಗಿಲಿಗೆ ಪೂರ್ತಿ ಎದುರಾಗಿಯೂ ಅಲ್ಲ, ಪೂರ್ತಿ ಮಗ್ಗುಲಾಗಿಯೂ ಅಲ್ಲ, ಎರಡರ ನಡುವೆ ತಿರುಗಿರಲಿ. ಮುಖದ ಒಂದು ಭಾಗಕ್ಕೆ ಬೆಳಕು ತುಂಬಿ, ಇನ್ನೊಂದು ಭಾಗದ ಕೆನ್ನೆಯ ಮೇಲೆ ಸಣ್ಣ ತ್ರಿಕೋನದಷ್ಟು ಬೆಳಕು ಉಳಿಯುವವರೆಗೆ ಮಣೆಯನ್ನು ಸರಿಸುತ್ತಾ ಬನ್ನಿ. ಹಿಂದೆ ನಡುಮನೆಯ ಕತ್ತಲೆ ಇರುತ್ತದೆ, ಅದಕ್ಕಿಂತ ಒಳ್ಳೆಯ ಪರದೆ ಸ್ಟುಡಿಯೊದಲ್ಲಿ ಸಿಕ್ಕುವುದಿಲ್ಲ. ಲೈಟ್ ಹಾಕಬೇಡಿ, ಟ್ಯೂಬಿನ ಬೆಳಕು ಬೆರೆತರೆ ಶಾಮಿಯಾನದ ಕಥೆಯೇ ಮತ್ತೆ.

ಲೆನ್ಸ್ 55ರಲ್ಲಿ, ಎಫ್ 5.6, ಐಎಸ್‌ಒ 800, ಶಟರ್ 1/125. ಮೈನಸ್ ಮುಕ್ಕಾಲು ಕೊಡಿ, ಇಲ್ಲದಿದ್ದರೆ ಹಿಂದಿನ ಕತ್ತಲನ್ನು ಬೂದು ಮಾಡಲು ಹೋಗಿ ಕ್ಯಾಮೆರಾ ಮುಖವನ್ನು ಸುಣ್ಣವಾಗಿಸುತ್ತದೆ. ನಿಮಗೆ ಹತ್ತಿರದ ಕಣ್ಣಿಗೆ ಫೋಕಸ್. ಆಮೇಲೆ ಸುಮ್ಮನೆ ಮಾತನಾಡುತ್ತಾ ಕುಳಿತಿರಿ. ಹೆಬ್ಬೆರಳು ತೋರುಬೆರಳು ಸೇರಿ ಕಾಳನ್ನು ಒತ್ತಿದಾಗ ಬೇಳೆ ಸಿಪ್ಪೆಯಿಂದ ಚಿಮ್ಮುವ ಗಳಿಗೆ ಇದೆಯಲ್ಲ, ಅದನ್ನು ಕಾಯಿರಿ. ಒದ್ದೆಯಾದ ಬೇಳೆಯ ಒಂದು ಅಂಚಿನಲ್ಲಿ ಬಾಗಿಲಿನ ಇಡೀ ಚೌಕಟ್ಟು ಸಾಸಿವೆಯಷ್ಟಾಗಿ ಹೊಳೆಯುತ್ತದೆ. ಅದೇ ಚೌಕಟ್ಟು ಅವರ ಕಣ್ಣಿನಲ್ಲೂ ಇರುತ್ತದೆ. ಕಣ್ಣಿನಲ್ಲಿ ಆ ಹೊಳಪು ಇಲ್ಲದಿದ್ದರೆ ಫೋಟೊ ತೆಗೆಯಬೇಡಿ, ಗದ್ದವನ್ನು ಸ್ವಲ್ಪ ಎತ್ತಲು ಹೇಳಿ.

ಸುಕ್ಕುಗಳನ್ನು ಅಳಿಸಬೇಡಿ, ಬಣ್ಣವನ್ನೂ ಬಿಳಿಯಾಗಿಸಬೇಡಿ. ಮೊಬೈಲಿನ ‘ಬ್ಯೂಟಿ’ ಆಯ್ಕೆಯನ್ನು ಮುಚ್ಚಿಬಿಡಿ. ಹಿಂದೆ ನಾವೂ ನೆಗೆಟಿವಿನ ಮೇಲೆ ಪೆನ್ಸಿಲ್ ಹಿಡಿದು ಸುಕ್ಕು ತಿದ್ದುತ್ತಿದ್ದೆವು, ಗಿರಾಕಿ ಕೇಳುತ್ತಿದ್ದ, ನಾವು ಮಾಡುತ್ತಿದ್ದೆವು. ಈಗ ಆ ಹಳೆಯ ಚಿತ್ರಗಳನ್ನು ಹಿಡಿದು ಬರುವ ಮೊಮ್ಮಕ್ಕಳು ‘ಅಜ್ಜಿ ಹೀಗಿರಲಿಲ್ಲ’ ಎನ್ನುತ್ತಾರೆ. ನಮ್ಮ ಮೈಬಣ್ಣ ಬಾಗಿಲ ಬೆಳಕಿನಲ್ಲಿ ಕಂಚಿನ ಹಾಗೆ ಕಾಣುತ್ತದೆ. ಅದನ್ನು ಕಂಚಾಗಿಯೇ ಬಿಡುವುದಕ್ಕೆ ಒಂದು ಸಣ್ಣ ಉಪಾಯವಿದೆ. ನೆರಳಿಗೆ ಬರುವ ಬೆಳಕು ನೀಲಿ ಆಕಾಶದ್ದಾದ್ದರಿಂದ ಚಿತ್ರ ತಣ್ಣಗೆ ನೀಲಿಗಟ್ಟುತ್ತದೆ, ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸನ್ನು ಮನೆಯ ನೆರಳಿನ ಗುರುತಿಗೆ ತಿರುಗಿಸಿ. ಹೊಂಬಿಸಿಲಿನಲ್ಲಿ ತೆಗೆಯುವಾಗಲೂ ‘ಆಟೊ’ದಲ್ಲಿ ಬಿಡಬೇಡಿ. ಆ ಹೊನ್ನನ್ನು ಕ್ಯಾಮೆರಾ ದೋಷವೆಂದು ತಿಳಿದು ತೊಳೆದುಹಾಕುತ್ತದೆ.

ನಂದಿಬೆಟ್ಟದ ಮಾತು. ನನಗೆ ಬೆಟ್ಟದ ಮೇಲೆ ದ್ವೇಷವಿಲ್ಲ. ಆದರೆ 1,478 ಮೀಟರ್ ಎತ್ತರಕ್ಕೆ ಏರಿದವರಿಗೆ ಒಂದೋ ಕಾವಳದ ಬಿಳಿ ಗೋಡೆ ಸಿಗುತ್ತದೆ, ಇಲ್ಲವೇ ನೂರು ಜನರ ಎತ್ತಿದ ಮೊಬೈಲುಗಳ ಬೆನ್ನು. ಬೆಟ್ಟದ ಮೇಲೆ ನಿಂತವರಿಗೆ ಬೆಟ್ಟ ಕಾಣುವುದೂ ಇಲ್ಲ. ಬುಡದ ನಂದಿ ಗ್ರಾಮದಲ್ಲಿ ಭೋಗನಂದೀಶ್ವರನ ಗುಡಿಗೆ ಹೋಗಿ. ಬೆಟ್ಟ ಅದರ ನೈಋತ್ಯಕ್ಕಿದೆ, ಸಂಜೆಯ ಸೂರ್ಯ ವಾಲುವ ಕಡೆಗೆ. ಹಾಗಾಗಿ ಬೆಳಗಿನ ಹೊತ್ತೇ ಮೇಲು. ಅಲ್ಲಿನ ಕಲ್ಯಾಣಿಯ ಮೆಟ್ಟಿಲುಗಳ ಮೇಲೆ ಎಳೆಬಿಸಿಲು ಓರೆಯಾಗಿ ಬಿದ್ದಾಗ ಒಂದೊಂದು ಮೆಟ್ಟಿಲಿಗೂ ಒಂದು ಬಿಳಿ ಗೆರೆ, ಒಂದು ಕಪ್ಪು ಗೆರೆ. ಹೊತ್ತು ಏರಿದಂತೆ ಕಪ್ಪು ಗೆರೆ ಸಣ್ಣದಾಗುತ್ತಾ ಮಾಯವಾಗುತ್ತದೆ, ಮೆಟ್ಟಿಲುಗಳೆಲ್ಲ ಒಂದೇ ಬಂಡೆಯಂತೆ ಕಾಣತೊಡಗುತ್ತವೆ. ಕಲ್ಲು, ಕೆತ್ತನೆ, ಉತ್ತ ಹೊಲ, ಮರದ ತೊಗಟೆ ಯಾವುದೇ ಇರಲಿ, ಮೈಯ ಒರಟು ಕಾಣಬೇಕಾದರೆ ಬೆಳಕು ಮಗ್ಗುಲಿನಿಂದ ಸವರಿಕೊಂಡು ಹೋಗಬೇಕು.

ನಿಮ್ಮೂರಿನಿಂದ ಕಾಣುವ ಬೆಟ್ಟದ ಹಿಂದೆ ಸೂರ್ಯ ಹುಟ್ಟುವ ಚಿತ್ರ ಬೇಕೆಂದರೆ ತಿಂಗಳನ್ನು ಆರಿಸಿಕೊಳ್ಳಬೇಕು. ಡಿಸೆಂಬರಿನಲ್ಲಿ ಸೂರ್ಯ ನೇರ ಪೂರ್ವದಿಂದ 24 ಡಿಗ್ರಿ ದಕ್ಷಿಣಕ್ಕೆ ಹುಟ್ಟುತ್ತಾನೆ, ಜೂನ್‌ನಲ್ಲಿ ಅಷ್ಟೇ ಉತ್ತರಕ್ಕೆ. ಈ ಬಂಡೆಯ ಹಿಂದಿನಿಂದ ಆ ಬಂಡೆಯ ಹಿಂದಕ್ಕೆ ಹೋಗಿ ಬರಲು ಅವನಿಗೆ ಒಂದು ವರ್ಷ. ಶಾಲೆಯ ಗೇಟಿನ ಬಳಿ ಒಂದು ಜಾಗ ಗುರುತುಮಾಡಿ, ತಿಂಗಳಿಗೊಮ್ಮೆ ಅಲ್ಲೇ ನಿಂತು ತೆಗೆದಿಡಿ. ಮಕ್ಕಳಿಗೆ ಭೂಗೋಳದ ಪಾಠವೂ ಆಯಿತು. ತಿಳಿಯಾದ ನೋಟ ಸಿಗುವುದು ಹಿಂಗಾರು ತೊಳೆದು ಹೋದ ಮೇಲೆ, ನವೆಂಬರ್ ಕೊನೆಯಿಂದ ಜನವರಿಯವರೆಗೆ. ಮಾರ್ಚ್ ಬಂತೆಂದರೆ ದೂಳು, ದೂರದ ಬೆಟ್ಟಗಳೆಲ್ಲ ಬಣ್ಣ ಕಳೆದುಕೊಳ್ಳುತ್ತವೆ.

ಆದರೆ ಮನುಷ್ಯರನ್ನು ತೆಗೆಯಲು ನನಗೆ ಎಲ್ಲಕ್ಕಿಂತ ಇಷ್ಟ ಆಷಾಢ. ಪಶ್ಚಿಮದಿಂದ ಗಾಳಿ, ತಲೆಯ ಮೇಲೆ ಓಡುವ ಮೋಡ. ನಮ್ಮ ಬಯಲುಸೀಮೆಗೆ ಆ ಮೋಡ ಮಳೆ ಕೊಡುವುದು ಅಪರೂಪ, ಬೆಳಕನ್ನು ಮಾತ್ರ ಧಾರಾಳವಾಗಿ ಕೊಡುತ್ತದೆ. ಇಡೀ ಆಕಾಶಕ್ಕೆ ಬಿಳಿ ಪಂಚೆ ಕಟ್ಟಿದ ಹಾಗೆ. ಮದುವೆಗಳಿಲ್ಲದ ತಿಂಗಳಾದ್ದರಿಂದ ನನಗೂ ಬಿಡುವು. ಮೋಡದ ದಿನ ಚಿತ್ರದಲ್ಲಿ ಆಕಾಶ ಸೇರಿಸಬೇಡಿ, ಬರಿಯ ಬಿಳಿ ಬರುತ್ತದೆ. ಮೋಡದ ನೆರಳು ಹೊಲದ ಮೇಲೆ ಓಡಿ ಬರುವುದು ದೂರದಿಂದಲೇ ಕಾಣುತ್ತದೆ, ಅದು ನಿಮ್ಮನ್ನು ತಲುಪುವವರೆಗೆ ಕಾದು ಒತ್ತಿ.

ನಿಮ್ಮ ಗುಂಪು ಫೋಟೊವನ್ನು ಆಷಾಢದವರೆಗೆ ಕಾಯಿಸುವಂತಿಲ್ಲ, ಅಷ್ಟರಲ್ಲಿ ಏಳನೆಯವರು ಶಾಲೆ ಬಿಟ್ಟಿರುತ್ತಾರೆ. ಮತ್ತೊಮ್ಮೆ ತೆಗೆಯಿರಿ. ಶನಿವಾರ ಬಿಟ್ಟು ಉಳಿದ ದಿನ ಶಾಲೆ ಶುರುವಾಗಿ ಮಕ್ಕಳನ್ನು ಸೇರಿಸುವ ಹೊತ್ತಿಗೆ ಬಿಸಿಲು ಏರಿರುತ್ತದೆ. ಶನಿವಾರ ಬೆಳಗಿನ ಶಾಲೆ, ಪ್ರಾರ್ಥನೆ ಮುಗಿಯುವಾಗ ಕಟ್ಟಡದ ನೆರಳು ಪಶ್ಚಿಮದ ಕಡೆ ಇನ್ನೂ ಉದ್ದಕ್ಕೆ ಬಿದ್ದಿರುತ್ತದೆ. ವರಾಂಡ ಯಾವ ದಿಕ್ಕಿಗಿದ್ದರೂ ಆ ನೆರಳಿನಲ್ಲಿ ನಲವತ್ತು ಮಕ್ಕಳಿಗೆ ಜಾಗವಿರುತ್ತದೆ. ನೆರಳಿನ ಗೆರೆಯಿಂದ ಎರಡು ಹೆಜ್ಜೆ ಒಳಗೆ ಮೊದಲ ಸಾಲು, ಮುಖ ಬಯಲಿನ ಕಡೆ. ಬೆಂಚುಗಳನ್ನು ಶುಕ್ರವಾರ ಸಂಜೆಯೇ ಹೊರಗೆ ಹಾಕಿಸಿಡಿ.